ನಕ್ಷೆಯಲ್ಲಿ ಜಗಲಿ, ನೆಲದಡಿಯಲ್ಲಿ ಚರಂಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಇರುವುದು ಕೈಯಲ್ಲಿ ನಾಲ್ಕು ಕಾಸು ಇದ್ದವರಿಗೆ. ಅದೂ ಇಲ್ಲದವರು ಮನೆ ಕಟ್ಟುವ ಕ್ರಮವೇ ಬೇರೆ. ಮೊದಲು ನಾಲ್ಕು ಗಳು ನೆಟ್ಟು ತಗಡು ಹೊದಿಸುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಇಟ್ಟಿಗೆಯ ಗೋಡೆ ಏಳುತ್ತದೆ. ಮಗನ ಮದುವೆ ಗೊತ್ತಾದಾಗ ಮತ್ತೊಂದು ಕೋಣೆ ಸೇರುತ್ತದೆ. ಹೀಗೆ ಒಂದು ಮನೆ ಮನೆಯಾಗಲು ಹತ್ತು ಹದಿನೈದು ವರ್ಷ ಹಿಡಿಯುವುದುಂಟು. ಸರ್ಕಾರಗಳು ಬಡವರಿಗೆಂದು ಕಟ್ಟಿಸುವ ವಸತಿ ಸಮುಚ್ಚಯಗಳು ಇದಕ್ಕೆ ತೀರ ವಿರುದ್ಧ. ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಮನೆ. ಪೂರ್ತಿ ಕಟ್ಟಿ ಮುಗಿಸಿ, ಬೀಗದ ಕೈ ಕೊಟ್ಟರೆ ಕೆಲಸ ಮುಗಿಯಿತು.

ಈ ಎರಡರ ನಡುವೆ ಇನ್ನೊಂದು ದಾರಿ ಸಾಧ್ಯ ಎಂದು ತೋರಿಸಲು ಹೊರಟ ಎರಡು ಯೋಜನೆಗಳು ಮಧ್ಯಪ್ರದೇಶದ ಇಂದೂರಿನಲ್ಲಿ 1980ರ ದಶಕದಲ್ಲಿ ಆರಂಭವಾದವು. ಒಂದನ್ನು ರೂಪಿಸಿದ್ದು ವಾಸ್ತುಶಿಲ್ಪಿಯ ಕಚೇರಿ, ಇನ್ನೊಂದನ್ನು ಸಿವಿಲ್ ಎಂಜಿನಿಯರ್ ಒಬ್ಬರು. ಇಬ್ಬರೂ ಅಹಮದಾಬಾದಿನವರು. ಎರಡೂ ಯೋಜನೆಗಳಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು, ಒಂದಕ್ಕೆ 1995ರಲ್ಲಿ, ಇನ್ನೊಂದಕ್ಕೆ 1998ರಲ್ಲಿ. ಪ್ರಶಸ್ತಿಯ ನಂತರ ಅವುಗಳ ಹಾದಿ ಬೇರೆ ಬೇರೆಯಾಯಿತು. ಊರು ಕಟ್ಟುವ ಕೆಲಸದಲ್ಲಿ ಇಂತಹ ಕಚೇರಿಗಳು ಏನು ಮಾಡಬಲ್ಲವು, ಏನನ್ನು ಮಾಡಲಾರವು ಎಂಬುದನ್ನು ತಿಳಿಯಲು ಈ ಎರಡೂ ಕತೆಗಳು ಬೇಕು.

ಕೊಳೆಗೇರಿಯಲ್ಲಿ ಕಲಿತ ಪಾಠ

ಮೊದಲನೆಯದು ‘ಅರಣ್ಯ’ ಬಡಾವಣೆ. ಇದರ ಹಿಂದಿದ್ದವರು ಬಾಲಕೃಷ್ಣ ದೋಶಿ. ಪ್ಯಾರಿಸ್‌ನಲ್ಲಿ ಲೆ ಕಾರ್ಬುಸಿಯೆ ಬಳಿ ಕೆಲಸ ಮಾಡಿ ಬಂದ ದೋಶಿ, 1950ರ ದಶಕದಲ್ಲಿ ಅಹಮದಾಬಾದಿನಲ್ಲಿ ‘ವಾಸ್ತುಶಿಲ್ಪ’ ಎಂಬ ತಮ್ಮದೇ ಕಚೇರಿ ತೆರೆದರು. ಕನ್ನಡಿಗರಿಗೆ ಅವರ ಕೆಲಸ ಅಪರಿಚಿತವಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕಲ್ಲುಗೋಡೆಗಳ, ಬಳ್ಳಿ ಹಬ್ಬಿದ ಪಡಸಾಲೆಗಳ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆ ಅವರದೇ ವಿನ್ಯಾಸ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಭಾರತೀಯ ಅವರು. 2023ರಲ್ಲಿ ತೀರಿಕೊಂಡರು.

ಇಂದೂರು ಅಭಿವೃದ್ಧಿ ಪ್ರಾಧಿಕಾರ ಊರಿನ ಹೊರವಲಯದಲ್ಲಿ ಸುಮಾರು 85 ಹೆಕ್ಟೇರ್ ಜಾಗ ಕೊಟ್ಟು, ಮುಖ್ಯವಾಗಿ ಬಡವರಿಗಾಗಿ ಒಂದು ಬಡಾವಣೆ ಯೋಜಿಸಲು ದೋಶಿಯವರ ಪ್ರತಿಷ್ಠಾನವನ್ನು ಕೇಳಿತು. ಪೂರ್ತಿ ಮನೆಯ ಬದಲು ನಿವೇಶನ ಮತ್ತು ಮೂಲ ಸೌಕರ್ಯ ಕೊಡುವ ಪದ್ಧತಿ ಆ ಹೊತ್ತಿಗೆ ಹೊಸದೇನಲ್ಲ. ವಿಶ್ವಬ್ಯಾಂಕ್ 1972ರಲ್ಲೇ ಸೆನೆಗಲ್ ದೇಶದ ಇಂತಹ ಯೋಜನೆಗೆ ಸಾಲ ಕೊಟ್ಟಿತ್ತು. ಮುಂದೆ ಮದರಾಸಿಗೂ ಅದು ಬಂತು. ಆದರೆ ಇಂತಹ ಬಡಾವಣೆಗಳ ನಕ್ಷೆಗಳು ಹೆಚ್ಚಾಗಿ ಚದುರಂಗದ ಮಣೆಯಂತೆ ಇರುತ್ತಿದ್ದವು. ನೇರ ರಸ್ತೆ, ಸಮ ಚೌಕ, ಎಲ್ಲಿ ನಿಂತರೂ ಒಂದೇ ನೋಟ.

ಅರಣ್ಯದ ವಿನ್ಯಾಸಕಾರರು ಮೊದಲು ನೋಡಿದ್ದು ಇಂದೂರಿನ ಕೊಳೆಗೇರಿಗಳನ್ನು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಜ್ಞರ ಜೊತೆಗೂಡಿ ಅಲ್ಲಿನ ಗಲ್ಲಿಗಳನ್ನು ಅಳೆದರು. ಹೆಂಗಸರು ಎಲ್ಲಿ ಕುಳಿತು ಕಾಳು ಹಸನು ಮಾಡುತ್ತಾರೆ, ಕೈಗಾಡಿ ಎಲ್ಲಿ ನಿಲ್ಲುತ್ತದೆ, ಮರದ ಕೆಳಗೆ ಏನು ನಡೆಯುತ್ತದೆ, ಬಾಗಿಲ ಮುಂದಿನ ಕಟ್ಟೆ ಯಾವಾಗ ಅಂಗಡಿಯಾಗುತ್ತದೆ ಎಂಬಂತಹ ಸಂಗತಿಗಳು ಅವರಿಗೆ ಮುಖ್ಯವಾದವು. ಬಡವನ ಮನೆ ನಾಲ್ಕು ಗೋಡೆಯೊಳಗೆ ಮುಗಿಯುವುದಿಲ್ಲ, ಅದರ ಅರ್ಧ ಭಾಗ ಜಗಲಿಯಲ್ಲೂ ಬೀದಿಯಲ್ಲೂ ಇದೆ ಎಂಬುದು ಅವರಿಗೆ ಮನವರಿಕೆಯಾಯಿತು.

ನಕ್ಷೆ ಬರೆದದ್ದು ಆ ತಿಳಿವಳಿಕೆಯ ಮೇಲೆ. ಒಟ್ಟು 6,500ರಷ್ಟು ನಿವೇಶನಗಳು, ಆರು ವಿಭಾಗಗಳು, 60 ಸಾವಿರ ಜನರಿಗೆ ವಸತಿ. ನಿವೇಶನಗಳಲ್ಲಿ ಶೇಕಡಾ 65ರಷ್ಟು ತೀರ ಬಡವರಿಗೆ. ಅವರ ಪಾಲಿಗೆ ಬಂದದ್ದು ಸುಮಾರು 35 ಚದರ ಮೀಟರಿನ ಜಾಗ, ಅಂದರೆ ನಮ್ಮಲ್ಲಿ ಮಾತಿಗೆ ಬರುವ ಮೂವತ್ತು-ನಲವತ್ತರ ಸೈಟಿನ ಮೂರರಲ್ಲೊಂದು ಪಾಲಿಗೂ ಸ್ವಲ್ಪ ಕಡಿಮೆ. ಅದರ ಮೇಲೆ ತಳಪಾಯ, ಶೌಚಾಲಯ, ನೀರಿನ ಸಂಪರ್ಕ. ಉಳಿದದ್ದನ್ನು ಮನೆಯವರು ಕೈಯಲ್ಲಿ ದುಡ್ಡು ಓಡಾಡಿದಂತೆ ಕಟ್ಟಿಕೊಳ್ಳಬೇಕು. ಹೇಗೆ ಕಟ್ಟಬಹುದು ಎಂಬುದಕ್ಕೆ ಒಂದೇ ಕೋಣೆಯ ಗೂಡಿನಿಂದ ಹಿಡಿದು ವಿಶಾಲವಾದ ಮನೆಯವರೆಗೆ 80 ಮಾದರಿಗಳನ್ನು ಕಚೇರಿಯೇ ವಿನ್ಯಾಸ ಮಾಡಿತು. ಜಗಲಿ, ಮೆಟ್ಟಿಲು, ಬಾಲ್ಕನಿ ಇವೆಲ್ಲ ಬೇಕಾದಂತೆ ಸೇರಿಸಿಕೊಳ್ಳುವ ಅಂಗಗಳಾದವು.

ಖರ್ಚಿನ ಲೆಕ್ಕವೂ ನಕ್ಷೆಯೊಳಗೇ ಇತ್ತು. ದೊಡ್ಡ ನಿವೇಶನಗಳು ಹೊರ ಅಂಚಿನಲ್ಲಿ, ಮುಖ್ಯ ರಸ್ತೆಗಳ ಬದಿಯಲ್ಲಿ. ಅವನ್ನು ಉಳ್ಳವರಿಗೆ ಮಾರಿ ಬಂದ ಲಾಭ ಒಳಗಿನ ಸಣ್ಣ ನಿವೇಶನಗಳ ಬೆಲೆ ಇಳಿಸಲು ನೆರವಾಗುತ್ತಿತ್ತು. ಹತ್ತು ಮನೆಗಳದೊಂದು ಗುಂಪು, ಇಪ್ಪತ್ತು ಮನೆಗಳಿಗೊಂದು ಸೆಪ್ಟಿಕ್ ಟ್ಯಾಂಕ್. ಕೊಳವೆ ಎಷ್ಟು ಗಿಡ್ಡವೋ ಅಷ್ಟು ಉಳಿತಾಯ. ಮನೆಗಳು ಗೋಡೆಗೆ ಗೋಡೆ ತಾಗಿ ನಿಂತದ್ದರಿಂದ ಮಾಳವದ ಬಿಸಿಲಿಗೆ ತೆರೆದುಕೊಳ್ಳುವ ಗೋಡೆಯೂ ಕಡಿಮೆಯಾಯಿತು.

ನಾಲೆ ತೋರಿದ ದಾರಿ

ಅರಣ್ಯ ಹೊಸ ಜಾಗದಲ್ಲಿ ಎದ್ದ ಬಡಾವಣೆ. ಆದರೆ ಊರೊಳಗೆ ಆಗಲೇ ಇರುವ ಕೊಳೆಗೇರಿಗಳ ಗತಿ? ಇದಕ್ಕೆ ಉತ್ತರ ಹುಡುಕಿದವರು ಎಂಜಿನಿಯರ್ ಹಿಮಾಂಶು ಪಾರಿಖ್. ಇಂದೂರಿನ ಭೂಪಟದಲ್ಲಿ ಕೊಳೆಗೇರಿಗಳನ್ನು ಗುರುತಿಸಿದಾಗ ಅವರಿಗೊಂದು ವಿಷಯ ಹೊಳೆಯಿತು. ಅವುಗಳಲ್ಲಿ ಹೆಚ್ಚಿನವು ಇದ್ದದ್ದು ಹೊಳೆ, ಹಳ್ಳಗಳ ಬದಿಯಲ್ಲಿ. ಬೇರೆ ಯಾರಿಗೂ ಬೇಡವಾದ ತಗ್ಗು ಜಾಗ ಬಡವರಿಗೆ ಸಿಕ್ಕಿತ್ತು. ಆದರೆ ನೀರು ತಾನಾಗಿ ಹರಿಯುವುದೂ ತಗ್ಗಿನ ಕಡೆಗೇ. ಹಾಗಾದರೆ ಇಡೀ ನಗರದ ಒಳಚರಂಡಿಯನ್ನು ಈ ಕೊಳೆಗೇರಿಗಳ ಮೂಲಕವೇ ಒಯ್ದರೆ ಪಂಪುಗಳ ಖರ್ಚು ಉಳಿಯುತ್ತದೆ, ನಗರಕ್ಕೂ ಕೊಳೆಗೇರಿಗೂ ಒಂದೇ ಏಟಿಗೆ ಚರಂಡಿ ದೊರೆಯುತ್ತದೆ. ಕೊಳೆಗೇರಿಯನ್ನು ನಗರದ ಹುಣ್ಣೆಂದು ನೋಡುತ್ತಿದ್ದ ಕಾಲದಲ್ಲಿ ಅದನ್ನು ನಗರದ ನರಮಂಡಲವಾಗಿ ನೋಡಿದ್ದು ಈ ಯೋಜನೆಯ ಹೊಸತನ.

ಬ್ರಿಟನ್ ಸರ್ಕಾರದ ನೆರವಿನಿಂದ ಕೆಲಸ ಸಾಗಿತು. 180ಕ್ಕೂ ಹೆಚ್ಚು ಕೊಳೆಗೇರಿಗಳು, ಸುಮಾರು ನಾಲ್ಕೂವರೆ ಲಕ್ಷ ಜನ ಇದರ ವ್ಯಾಪ್ತಿಗೆ ಬಂದರು. ಸಾಮೂಹಿಕ ಶೌಚಾಲಯದ ಬದಲು ಮನೆಗೊಂದು ಶೌಚಾಲಯ, ಅದಕ್ಕೆ ಒಳಚರಂಡಿ ಸಂಪರ್ಕ. ಗಲ್ಲಿಗಳನ್ನು ಮನೆಗಳ ಮಟ್ಟಕ್ಕಿಂತ ತುಸು ಕೆಳಗೆ ಹಾಸಿ, ಮಳೆನೀರು ಅದರ ಮೇಲೇ ಹರಿದು ಹೋಗುವಂತೆ ಮಾಡಲಾಯಿತು. ಯಾರನ್ನೂ ಎಬ್ಬಿಸಿ ಊರಾಚೆ ಕಳಿಸಲಿಲ್ಲ.

ಪ್ರಶಸ್ತಿಯ ಮರುದಿನ

ಇಲ್ಲಿಗೆ ಎರಡೂ ಕತೆಗಳು ಸುಖಾಂತವಾಗಬೇಕಿತ್ತು. ಆಗಲಿಲ್ಲ. ನಗರ ಯೋಜಕಿ ಗೀತಾ ದೇವನ್ ವರ್ಮಾ 2002ರಲ್ಲಿ ಪ್ರಕಟವಾದ ‘ಸ್ಲಮ್ಮಿಂಗ್ ಇಂಡಿಯಾ’ ಪುಸ್ತಕದಲ್ಲಿ ಇಂದೂರಿನ ಕೊಳೆಗೇರಿ ಯೋಜನೆಯನ್ನು ಕಟುವಾಗಿ ಟೀಕಿಸಿದರು. ಕಾಗದದ ಮೇಲೆ ಹೊಗಳಿಸಿಕೊಂಡ ಚರಂಡಿ ನೆಲದಡಿಯಲ್ಲಿ ಕಟ್ಟಿಕೊಂಡಿದೆ ಎಂಬುದು ಅವರ ಆಕ್ಷೇಪದ ಸಾರ. ಒಳಚರಂಡಿಯ ಸ್ವಭಾವವೇ ಹಾಗೆ. ಸಾಕಷ್ಟು ನೀರು ಬಿಡದಿದ್ದರೆ ಅದರೊಳಗೆ ಹೊಲಸು ತಂಗುತ್ತದೆ. ಕಸ ಬಿದ್ದರೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ನೋಡುವವರಿಲ್ಲದಿದ್ದರೆ ಅದು ಮನೆಯೊಳಕ್ಕೇ ಉಕ್ಕುತ್ತದೆ. ಇಂತಹ ಹೊತ್ತಿನಲ್ಲಿ ವಿನ್ಯಾಸ ಮಾಡಿದ ಕಚೇರಿ ಊರಿನಲ್ಲಿರುವುದಿಲ್ಲ. ಇರಬೇಕಾದದ್ದು ನಗರಸಭೆ.

ಮುಂದೆ ಅಹಮದಾಬಾದಿನಲ್ಲಿ ‘ಪರಿವರ್ತನ್’ ಹೆಸರಿನಲ್ಲಿ ಇದೇ ಕೆಲಸ ನಡೆದಾಗ ಪಾರಿಖ್ ಅವರ ಯೋಜನೆಗೆ ಹೊಸ ಅಂಶವೊಂದು ಸೇರಿತು. ಪ್ರತಿ ಮನೆಯವರು 2,000 ರೂಪಾಯಿ ವಂತಿಗೆ ಕೊಡಬೇಕು. ಪಾಲಿಕೆ ಅವರನ್ನು ಹತ್ತು ವರ್ಷ ಎಬ್ಬಿಸುವುದಿಲ್ಲವೆಂದು ಮಾತು ಕೊಡಬೇಕು. ದುಡ್ಡು ಹಾಕಿದವನಿಗೆ ಚರಂಡಿ ಕೆಟ್ಟರೆ ಕೇಳುವ ಹಕ್ಕು ಬರುತ್ತದೆ. ನಾಳೆ ಎಬ್ಬಿಸುವುದಿಲ್ಲವೆಂಬ ಧೈರ್ಯ ಬಂದರೆ ಮನೆಗೆ ಇನ್ನೊಂದು ಗೋಡೆ ಕಟ್ಟುವ ಮನಸ್ಸೂ ಬರುತ್ತದೆ.

ಅರಣ್ಯಕ್ಕೂ ಕಾಲ ತನ್ನ ತಿದ್ದುಪಡಿ ಮಾಡಿದೆ. 80 ಮಾದರಿ ಮನೆಗಳಲ್ಲಿ ಬಹಳಷ್ಟು ಇಂದು ಗುರುತು ಸಿಗದಷ್ಟು ಬದಲಾಗಿವೆ, ಮೇಲೆ ಅಂತಸ್ತುಗಳು ಎದ್ದಿವೆ. ಮೊದಲು ಬಂದ ಬಡವರಲ್ಲಿ ಕೆಲವರು ನಿವೇಶನ ಮಾರಿ ಹೋದರು, ಅವರ ಜಾಗಕ್ಕೆ ಅನುಕೂಲಸ್ಥರು ಬಂದರು. ಮೊದಲನೆಯದನ್ನು ಸೋಲೆನ್ನಲಾಗದು. ಮನೆಗಳು ಬೆಳೆಯಲಿ ಎಂದೇ ಆ ನಕ್ಷೆ ಬರೆದದ್ದು. ಎರಡನೆಯದು ನಿಜವಾದ ಸಂಕಟ. ಊರು ಬೆಳೆದು ನೆಲದ ಬೆಲೆ ಏರಿದಾಗ ಬಡವನ ಕೈಯಲ್ಲಿ ನಿವೇಶನ ಉಳಿಸುವ ಉಪಾಯ ಯಾವ ವಾಸ್ತುಶಿಲ್ಪಿಯ ಪೆನ್ಸಿಲಿನಲ್ಲೂ ಇಲ್ಲ. ಆದರೆ ಬೀದಿಗಳ ಅಗಲ, ಚೌಕಗಳು, ಚರಂಡಿಯ ದಾರಿ ಇವು ಮನೆಗಳಂತೆ ಸುಲಭವಾಗಿ ಬದಲಾಗುವುದಿಲ್ಲ. ಕಚೇರಿಯಲ್ಲಿ ಎಳೆದ ಗೆರೆಗಳಲ್ಲಿ ತಲೆಮಾರುಗಳ ಕಾಲ ಉಳಿಯುವುದು ಇವೇ.

ಇಂದೂರಿಗೆ ಮುಂದೆ ಬಂದ ಹೆಸರು ಬೇರೆ ಕಾರಣಕ್ಕೆ. 2017ರಿಂದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಮೊದಲ ಸ್ಥಾನ ಪಡೆಯತೊಡಗಿತು. ಅದರ ಹಿಂದಿದ್ದುದು ಮನೆ ಮನೆಯಿಂದ ಹಸಿ ಕಸ, ಒಣ ಕಸ ಬೇರೆ ಮಾಡಿ ಒಯ್ಯುವ ಗಾಡಿಗಳು, ಬೀದಿ ಗುಡಿಸುವ ಕೈಗಳು. ಅದೇ ಊರಿನ ಎರಡು ಪ್ರಶಸ್ತಿ ವಿಜೇತ ನಕ್ಷೆಗಳಿಗೆ ಕೊರತೆಯಾದದ್ದೂ ದಿನದಿನದ ಇಂತಹ ದುಡಿಮೆಯೇ.

ಹೊಸ ಬಡಾವಣೆಯ ಬಣ್ಣದ ನಕ್ಷೆ ಕೈಗೆ ಬಂದಾಗ ಉದ್ಯಾನ, ಕಮಾನು, ಹೆಸರುಗಳತ್ತ ಕಣ್ಣು ಹೋಗುವುದು ಸಹಜ. ಜೊತೆಗೆ ಇನ್ನೂ ಮೂರನ್ನು ಅದರಲ್ಲಿ ಹುಡುಕಬಹುದು. ಕೊಳೆನೀರು ಎಲ್ಲಿಗೆ ಹೋಗುತ್ತದೆ? ಮನೆಯನ್ನು ನಾಳೆ ಬೆಳೆಸಲು ಜಾಗವಿದೆಯೇ? ಹತ್ತು ವರ್ಷಗಳ ಮೇಲೆ ಮ್ಯಾನ್‌ಹೋಲಿನ ಮುಚ್ಚಳ ತೆಗೆಸುವ ಹೊಣೆ ಯಾರದು? ಮೊದಲ ಎರಡಕ್ಕೆ ವಾಸ್ತುಶಿಲ್ಪಿ, ಎಂಜಿನಿಯರುಗಳು ಉತ್ತರ ಕೊಡಬಲ್ಲರು. ಮೂರನೆಯದಕ್ಕೆ ಉತ್ತರವನ್ನು ನಗರಸಭೆಯಿಂದ ಕೇಳಿ ಪಡೆಯಬೇಕಾದವರು ಅಲ್ಲಿ ಬಾಳುವ ಜನ.