ಪಿಟ್ಯುಟರಿ ಮತ್ತು ಅಡ್ರಿನಲ್ ಗ್ರಂಥಿಗಳ ತೊಂದರೆಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪಿಟ್ಯುಟರಿಯು ಮೆದುಳಿನ ತಳಭಾಗದಲ್ಲಿರುವ, ಬಟಾಣಿ ಕಾಳಿನ ಗಾತ್ರದ ನಿರ್ನಾಳ ಗ್ರಂಥಿಯಾಗಿದೆ. ಅಡ್ರಿನಲ್ ಗ್ರಂಥಿಗಳು ಎರಡಿದ್ದು, ಪ್ರತಿ ಮೂತ್ರಪಿಂಡದ ಮೇಲೆ ಒಂದರಂತೆ ಇರುತ್ತವೆ. ಪಿಟ್ಯುಟರಿಯು ಸ್ರವಿಸುವ ಎ.ಸಿ.ಟಿ.ಎಚ್. ಹಾರ್ಮೋನಿನ ಪ್ರಚೋದನೆಯಿಂದ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಉತ್ಪಾದಿಸುತ್ತವೆ. ರಕ್ತದೊತ್ತಡವನ್ನು ಕಾಪಾಡಲು ಹಾಗೂ ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳನ್ನು ದೇಹವು ತಾಳಿಕೊಳ್ಳಲು ಕಾರ್ಟಿಸೋಲ್ ಅತ್ಯವಶ್ಯಕ. ಇದರ ಕೊರತೆಯು ಸಾಮಾನ್ಯ ನಿಶ್ಶಕ್ತಿಯಂತೆ ಕಾಣುವುದರಿಂದ ಅನೇಕ ವರ್ಷ ಪತ್ತೆಯಾಗದೆ ಉಳಿಯುವುದುಂಟು.

ಕೊರತೆಗೆ ಮುಖ್ಯ ಕಾರಣಗಳು

1. ಅಡಿಸನ್ ಕಾಯಿಲೆ: ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯ ದೋಷದಿಂದ ಅಥವಾ ಕ್ಷಯರೋಗದಿಂದ ಅಡ್ರಿನಲ್ ಗ್ರಂಥಿಗಳು ನಾಶವಾಗುತ್ತವೆ. ಆಯಾಸ, ತೂಕ ಇಳಿಕೆ, ವಾಂತಿ, ಎದ್ದು ನಿಂತಾಗ ತಲೆಸುತ್ತು, ಉಪ್ಪಿನ ಬಯಕೆ, ಅಂಗೈ ಗೆರೆಗಳು ಮತ್ತು ವಸಡುಗಳು ಹೊಸದಾಗಿ ಕಪ್ಪಾಗುವುದು ಇದರ ಲಕ್ಷಣಗಳು.

2. ಶೀಹನ್ ಸಿಂಡ್ರೋಮ್: ಗರ್ಭಾವಸ್ಥೆಯಲ್ಲಿ ಪಿಟ್ಯುಟರಿಯು ಹಿಗ್ಗಿರುತ್ತದೆ. ಹೆರಿಗೆಯ ವೇಳೆ ತೀವ್ರ ರಕ್ತಸ್ರಾವವಾದಲ್ಲಿ ಅದಕ್ಕೆ ರಕ್ತಪೂರೈಕೆ ಕುಂದಿ ಹಾನಿಯಾಗುತ್ತದೆ. ಬಾಣಂತಿಗೆ ಎದೆಹಾಲು ಬಾರದಿರುವುದು ಮೊದಲ ಸೂಚನೆ. ನಂತರ ಮುಟ್ಟು ನಿಲ್ಲುವುದು, ಕಂಕುಳಿನ ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು ಮತ್ತು ನಿರಂತರ ಸುಸ್ತು ಕಂಡುಬರುತ್ತವೆ. ಇದನ್ನು ಕೇವಲ ಬಾಣಂತನದ ದೌರ್ಬಲ್ಯವೆಂದು ಕಡೆಗಣಿಸಬಾರದು.

3. ಸ್ಟೀರಾಯ್ಡ್ ಔಷಧವನ್ನು ಹಠಾತ್ತನೆ ನಿಲ್ಲಿಸುವುದು: ಅಸ್ತಮಾ, ಕೀಲುನೋವು, ಚರ್ಮರೋಗಗಳಿಗೆ ಕೆಲವು ವಾರಗಳಿಗೂ ಮೀರಿ ಸ್ಟೀರಾಯ್ಡ್ ಮಾತ್ರೆ ಸೇವಿಸಿದಲ್ಲಿ, ದೇಹವು ತನ್ನದೇ ಕಾರ್ಟಿಸೋಲ್ ಉತ್ಪಾದನೆಯನ್ನು ತಗ್ಗಿಸುತ್ತದೆ. ಆದುದರಿಂದ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸತಕ್ಕದ್ದು.

ಕಾರ್ಟಿಸೋಲ್ ಅಧಿಕವಾದಲ್ಲಿ

ಪಿಟ್ಯುಟರಿ ಅಥವಾ ಅಡ್ರಿನಲ್ ಗಡ್ಡೆಯಿಂದ ಇಲ್ಲವೇ ಸ್ಟೀರಾಯ್ಡ್‌ಗಳ ಅತಿಯಾದ ಸೇವನೆಯಿಂದ ಕುಶಿಂಗ್ ಸಿಂಡ್ರೋಮ್ ಉಂಟಾಗುತ್ತದೆ. ಮುಖ ದುಂಡಗಾಗುವುದು, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು, ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ಇದರ ಲಕ್ಷಣಗಳು.

ಪರೀಕ್ಷೆ ಮತ್ತು ಚಿಕಿತ್ಸೆ

ಕೊರತೆಯ ಶಂಕೆಯಿದ್ದಲ್ಲಿ ಬೆಳಿಗ್ಗೆ ಸುಮಾರು 8 ಗಂಟೆಗೆ ತೆಗೆದ ರಕ್ತದಲ್ಲಿ ಕಾರ್ಟಿಸೋಲ್ ಪ್ರಮಾಣವನ್ನು ಪರೀಕ್ಷಿಸಲಾಗುತ್ತದೆ. ಅಗತ್ಯವಿದ್ದಲ್ಲಿ ಎ.ಸಿ.ಟಿ.ಎಚ್. ಚುಚ್ಚುಮದ್ದಿನ ಪರೀಕ್ಷೆ ಹಾಗೂ ಎಂ.ಆರ್.ಐ. ಸ್ಕ್ಯಾನ್ ಮಾಡಲಾಗುತ್ತದೆ. ಕೊರತೆಗೆ ಹೈಡ್ರೊಕಾರ್ಟಿಸೋನ್‌ನಂತಹ ಮಾತ್ರೆಗಳನ್ನು ಪ್ರತಿದಿನ ಸೇವಿಸಬೇಕು. ಅಡಿಸನ್ ಮತ್ತು ಶೀಹನ್ ತೊಂದರೆಗಳಲ್ಲಿ ಇದು ಸಾಮಾನ್ಯವಾಗಿ ಜೀವನಪರ್ಯಂತದ ಚಿಕಿತ್ಸೆ. ಥೈರಾಯ್ಡ್ ಕೊರತೆಯೂ ಇದ್ದಲ್ಲಿ ಮೊದಲು ಸ್ಟೀರಾಯ್ಡ್, ನಂತರ ಥೈರಾಯ್ಡ್ ಮಾತ್ರೆ ಆರಂಭಿಸಲಾಗುತ್ತದೆ.

ರೋಗಿಗಳ ಗಮನಕ್ಕೆ

• ಕೊರತೆಯ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು.
• ಜ್ವರ ಬಂದಾಗ ಪ್ರಮಾಣವನ್ನು ಎಷ್ಟು ಹೆಚ್ಚಿಸಬೇಕೆಂದು ವೈದ್ಯರಿಂದ ಮುಂಚಿತವಾಗಿ ಬರೆಸಿಕೊಳ್ಳತಕ್ಕದ್ದು.
• ವಾಂತಿಯಿಂದ ಮಾತ್ರೆ ನಿಲ್ಲದಿದ್ದಲ್ಲಿ ಚುಚ್ಚುಮದ್ದು ತುರ್ತಾಗಿ ಅಗತ್ಯ. ತಡವಾದಲ್ಲಿ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಸಂಭವಿಸಬಹುದು. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.
• ಕಾಯಿಲೆಯ ಹೆಸರು ಮತ್ತು ಔಷಧದ ವಿವರವುಳ್ಳ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು.

ಸೌಲಭ್ಯ ಪಡೆಯುವ ವಿಧಾನ

ಮೇಲ್ಕಂಡ ಲಕ್ಷಣಗಳಿರುವವರು ಮೊದಲಿಗೆ ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣುವುದು. ಹಿಂದಿನ ಹೆರಿಗೆಯ ದಾಖಲೆ ಮತ್ತು ಸೇವಿಸಿದ ಔಷಧಗಳ ಚೀಟಿಗಳನ್ನು ತಪ್ಪದೆ ತರುವುದು. ಉನ್ನತ ಚಿಕಿತ್ಸೆ ಅಗತ್ಯವಿದ್ದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿಯೇ ವಿಚಾರಿಸಬಹುದು. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಗೆ ತರುವುದು.