ಕೈಗೆ ಮರಳಿ ಕೆಲಸ ಕಲಿಸುವವರು

ಸೋಲೂರಿನ ಕಡೆಯ ಒಂದು ಮನೆಯ ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಪ್ರಾಣಾಪಾಯ ಕಳೆದ ಮೇಲೆ ವೈದ್ಯರು ಮನೆಗೆ ಕಳುಹಿಸಿದರು. ಅಂದಿನಿಂದ ಸೊಸೆಯು ಮುದ್ದೆ ಮುರಿದು ಬಾಯಿಗಿಡುವಳು. ಮಗನು ಮೀಯಿಸಿ ಅಂಗಿ ತೊಡಿಸುವನು. ಅಕ್ಕರೆಗೆ ಕೊರತೆಯಿರಲಿಲ್ಲ. ಆದರೂ ಊಟದ ಹೊತ್ತಿಗೆ ಅವರು ಗೋಡೆಯ ಕಡೆಗೆ ಮುಖ ತಿರುಗಿಸತೊಡಗಿದರು. ಇಂಥ ಮನೆಗಳನ್ನು ನಮ್ಮ ವಾಚಕರೂ ಕಂಡಿರಬಹುದು.

ಇವರಿಗೆ ಬೇಕಾದವರು ಆಕ್ಯುಪೇಷನಲ್ ಥೆರಪಿಸ್ಟರು. ಹೆಸರನ್ನು ಕೇಳಿ, ನೌಕರಿ ಕೊಡಿಸುವವರೆಂದು ಭಾವಿಸುವವರುಂಟು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಇಲ್ಲಿ 'ಉದ್ಯೋಗ'ವೆಂದರೆ ಉಣ್ಣುವುದು, ಉಡುವುದು, ಮೀಯುವುದು, ಹಸುವಿಗೆ ಹುಲ್ಲು ಹಾಕುವುದು ಮೊದಲಾದ ನಿತ್ಯದ ಕೆಲಸಗಳು. ಫಿಸಿಯೋಥೆರಪಿಸ್ಟರು ಮುಖ್ಯವಾಗಿ ಅಂಗಗಳ ಬಲವನ್ನೂ ಚಲನೆಯನ್ನೂ ನೋಡುವರು. ಇವರಾದರೋ ಆ ಅಂಗದಿಂದ ಕೆಲಸ ಸಾಗುವ ಬಗೆಯನ್ನು ನೋಡುವರು. ಆದಕಾರಣ ಇವರ ಮೊದಲ ಪ್ರಶ್ನೆ, "ದಿನವೆಲ್ಲ ಏನೇನು ಮಾಡುತ್ತಿದ್ದಿರಿ?" ಎಂಬುದು.

ಇವರ ಉಪಾಯಗಳು ನೋಡಲು ಅಲ್ಪವಾದವು. ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು; ತೆಗೆಯುವಾಗ ಅದನ್ನೇ ಕೊನೆಗೆ ಬಿಡಿಸಬೇಕು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿದರೆ ಹಿಡಿತಕ್ಕೆ ಸಿಕ್ಕುವುದು. ಅಂಚು ಎತ್ತರವಾದ ತಟ್ಟೆಯಲ್ಲಿ ಅನ್ನ ಚೆಲ್ಲದು. ಬಚ್ಚಲಿನಲ್ಲಿ ಜಾರದ ಪೀಠ, ಗೋಡೆಗೆ ಹಿಡಿಕೆ. ಮುದ್ದೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿಯೂ ಕುಂದಬಹುದಾದ್ದರಿಂದ, ಅದನ್ನು ಪರೀಕ್ಷೆ ಮಾಡಿಸದೆ ಕೊಡಲಾಗದು. ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಿಕೊಳ್ಳಲು ತಡವರಿಸುವ ಮಕ್ಕಳಿಗೂ ಇವರ ನೆರವುಂಟು.

ನಮ್ಮ ದೇಶದಲ್ಲಿ ಈ ವಿದ್ಯೆಯ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶ್ರೀಮತಿ ಕಮಲಾ ನಿಂಬ್ಕರರು ತೆರೆದರು. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನೂ ಆರೋಗ್ಯ ವೃತ್ತಿಗಳ ಸಾಲಿನಲ್ಲಿ ಸೇರಿಸಿದೆ.

ಇವರನ್ನು ಹುಡುಕುವುದು ಹೇಗೆ? ಹಳ್ಳಿಗಳಲ್ಲಿ ಇವರು ವಿರಳ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಅಲ್ಲಿನ ವೈದ್ಯರನ್ನು ಕೇಳುವುದು ಲೇಸು. ಚೇತರಿಕೆಯ ಹೆಚ್ಚಿನ ಭಾಗ ಮೊದಲ ತಿಂಗಳುಗಳಲ್ಲಿಯೇ ನಡೆಯುವುದರಿಂದ ಕಾಯುವುದು ನಷ್ಟ. ಸೋಲೂರಿನವರಿಗೆ ನೆಲಮಂಗಲದ ಮಾರ್ಗವಾಗಿ ಬೆಂಗಳೂರು ದೂರವಲ್ಲ. ಅಲ್ಲಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪುನಶ್ಚೇತನದ ವಿಭಾಗವಿದೆ. 1959ರಲ್ಲಿ ಸ್ಥಾಪಿತವಾದ ಅಂಗವಿಕಲರ ಸಂಸ್ಥೆ ಎ.ಪಿ.ಡಿ.ಯೂ ಆ ನಗರದಲ್ಲಿಯೇ ಇದೆ. ಮಕ್ಕಳಿಗಾದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರವನ್ನು ವಿಚಾರಿಸಬಹುದು. ಬಂದವರ ಬಿ.ಓ.ಟಿ. ಅಥವಾ ಎಂ.ಓ.ಟಿ. ಪದವಿಯನ್ನು ಕೇಳಿ ತಿಳಿಯಲು ಸಂಕೋಚ ಬೇಡ. ದುಬಾರಿ ಯಂತ್ರವನ್ನು ಮೊದಲು ಕೊಳ್ಳಿರೆನ್ನುವವರಿಗಿಂತ, ನಿಮ್ಮ ಬಚ್ಚಲನ್ನೂ ಹೊಸ್ತಿಲನ್ನೂ ಮೊದಲು ನೋಡಬಯಸುವವರು ನಮಗೆ ಮೆಚ್ಚು.

ಹೋಗುವಾಗ ಆಸ್ಪತ್ರೆಯ ಕಾಗದಗಳ ಜೊತೆಗೆ ರೋಗಿಯು ಯಾವ ಕೆಲಸವನ್ನು ತಾನೇ ಮಾಡಬಯಸುವನೆಂಬುದನ್ನೂ ಬರೆದುಕೊಂಡು ಹೋಗಿರಿ. ಅದನ್ನು ಮನೆಯವರು ಊಹಿಸದೆ, ಅವನನ್ನೇ ಕೇಳಿ ಬರೆಯತಕ್ಕದ್ದು.