ಕಡಲಿನ ಕಳೆ: ಹೊಟ್ಟೆಗೆ ಅನ್ನ, ಹವಳಕ್ಕೆ ಉರುಳು

ಮಕ್ಕಳ ಹುಟ್ಟುಹಬ್ಬಕ್ಕೆ ನೀವು ಚೈನಾಗ್ರಾಸ್ ಹಾಕಿ ಹಾಲಿನ ಪುಡ್ಡಿಂಗ್ ಮಾಡಿರುತ್ತೀರಿ. ಕುದಿಯುವಾಗ ಕರಗಿ, ಆರಿದ ಮೇಲೆ ಗಟ್ಟಿಯಾಗಿ ಕೂರುವ ಆ ಬಿಳಿ ಎಳೆ ಯಾವುದು ಅಂತ ಯೋಚಿಸಿದ್ದೀರಾ? ಅದು ಹುಲ್ಲಲ್ಲ, ಸಮುದ್ರದ ಕೆಂಪು ಪಾಚಿಯ ಸತ್ವ! ಅದರ ಬಳಗಕ್ಕೇ ಸೇರಿದ ಇನ್ನೊಂದು ಪಾಚಿಯ ಕಥೆ ಇಲ್ಲಿದೆ, ಕೇಳಿ.

ಇದರ ಹೆಸರು ಕಪ್ಪಾಫೈಕಸ್. ತವರು ಫಿಲಿಪ್ಪೀನ್ಸ್ ಕಡೆಯ ಕಡಲು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಇದನ್ನು ನಮ್ಮ ದೇಶಕ್ಕೆ ತಂದರು. ಮುಂದೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಕರಾವಳಿಯಲ್ಲಿ ಇದರ ಬೇಸಾಯ ಶುರುವಾಯಿತು. ಸ್ವಸಹಾಯ ಸಂಘದ ಹೆಂಗಸರೇ ಇದರಲ್ಲಿ ಮುಂದು. ಬಿದಿರಿನ ತೆಪ್ಪಕ್ಕೆ ಹಗ್ಗ ಬಿಗಿದು, ಹಗ್ಗಕ್ಕೆ ಪಾಚಿಯ ತುಂಡುಗಳನ್ನು ಕಟ್ಟಿ ನೀರಿಗೆ ಬಿಡುತ್ತಾರೆ. ಉಳುವುದಿಲ್ಲ, ಗೊಬ್ಬರವಿಲ್ಲ. ಸುಮಾರು 45 ದಿನಕ್ಕೆ ಕೊಯ್ಲು!

ಕೊಯ್ದ ಪಾಚಿಯಿಂದ ಏನು ಸಿಗುತ್ತದೆ? ನಾವು ಕಾಯಿ ರುಬ್ಬಿ ಹಾಲು ಹಿಂಡುತ್ತೇವಲ್ಲ, ಹಾಗೆಯೇ ಹಸಿ ಪಾಚಿಯನ್ನು ಅರೆದು ಸೋಸುತ್ತಾರೆ. ಆ ರಸದಲ್ಲಿ ಪೊಟ್ಯಾಷ್ ಇದೆ, ಗಿಡದ ಬೆಳವಣಿಗೆಗೆ ಬೇಕಾದ ಹಾರ್ಮೋನುಗಳೂ ಇವೆ. ನೀರಿಗೆ ಬೆರೆಸಿ ಸಿಂಪಡಿಸಿದರೆ ಪೈರಿಗೆ ಟಾನಿಕ್ ಕೊಟ್ಟ ಹಾಗೆ. ಉಳಿದ ಚರಟವನ್ನೂ ಎಸೆಯುವುದಿಲ್ಲ. ಅದನ್ನು ಕ್ಷಾರದ ನೀರಿನಲ್ಲಿ ಬೇಯಿಸಿ ಸಂಸ್ಕರಿಸಿದರೆ ಕ್ಯಾರಗೀನನ್ ಎಂಬ ಅಂಟು ದೊರೆಯುತ್ತದೆ. ಐಸ್‌ಕ್ರೀಮು ನುಣುಪಾಗಿರಲು, ಚಾಕೊಲೇಟ್ ಹಾಲಿನಲ್ಲಿ ಕೋಕೋ ತಳಕ್ಕೆ ಕೂರದಿರಲು, ಟೂತ್‌ಪೇಸ್ಟು ಹದವಾಗಿರಲು ಇದನ್ನು ಬಳಸುತ್ತಾರೆ. ಐಸ್‌ಕ್ರೀಮ್ ಡಬ್ಬಿಯ ಮೇಲೆ 407 ಎಂಬ ಸಂಖ್ಯೆ ಕಂಡರೆ ಅದೇ ಇದು ಅಂತ ತಿಳಿಯಿರಿ.

ಇಷ್ಟೊಂದು ಒಳ್ಳೆಯದಾದರೆ ತಂಟೆ ಏನು ಅಂತೀರಾ? ತಂಟೆ ಅದರ ಬೆಳವಣಿಗೆಯಲ್ಲೇ ಇದೆ. ಇದಕ್ಕೆ ಬೀಜ ಬೇಕಿಲ್ಲ. ತೆಪ್ಪದಿಂದ ಮುರಿದು ತೇಲಿಹೋದ ಒಂದು ಚೂರು ಸಾಕು, ಹೋದಲ್ಲಿ ಚಿಗುರುತ್ತದೆ. ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಹವಳದ ದಿಬ್ಬಗಳಿವೆ. ಅಲ್ಲಿನ ಕುರುಸಡೈ ದ್ವೀಪದ ಹವಳದ ಮೇಲೆ ಈ ಪಾಚಿ ಹಬ್ಬಿದೆಯೆಂದು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹವಳ ಕಲ್ಲಲ್ಲ, ಜೀವ. ಪಾಚಿ ಹೊದಿಕೆಯಂತೆ ಮುಚ್ಚಿದರೆ ಬಿಸಿಲು ತಾಗದೆ ಅದು ಸಾಯುತ್ತದೆ. ಹವಳ ಸತ್ತರೆ ಮೀನುಮರಿಗಳಿಗೆ ಆಸರೆಯಿಲ್ಲ. ಮೀನಿಲ್ಲದಿದ್ದರೆ ಅದೇ ಹೆಂಗಸರ ಗಂಡಂದಿರ ಬಲೆ ಬರಿದು! ಇದನ್ನೆಲ್ಲ ಯೋಚಿಸಿಯೇ ತಮಿಳುನಾಡು ಸರ್ಕಾರ 2005ರಲ್ಲಿ, ಹವಳದಿಂದ ದೂರದ ಕಡಲಿನಲ್ಲಿ ಮಾತ್ರ ಬೇಸಾಯ ನಡೆಯಲಿ ಎಂದು ಗಡಿ ಹಾಕಿತ್ತು.

"ಹವಳದ ಮೇಲಿನದನ್ನು ಕಿತ್ತು ಅದರಿಂದಲೂ ರಸ ತೆಗೆದರಾಯಿತಲ್ಲ?" ಎಂದು ಕೇಳಬಹುದು. ತೆಗೆಯಬಹುದು, ಆ ಪಾಚಿಯ ಸತ್ವಕ್ಕೇನೂ ಕೊರತೆಯಿಲ್ಲ. ಆದರೆ ಅವಸರದಲ್ಲಿ ಕಿತ್ತರೆ ಚೂರುಗಳು ಚೆದುರಿ ಹತ್ತು ಕಡೆ ಹುಟ್ಟುತ್ತವೆ, ಹವಳವೂ ಮುರಿಯುತ್ತದೆ. ಇನ್ನೊಂದು ಮಾತು. ಹವಳದ ಮೇಲಿನ ಕಳೆಗೇ ಬೆಲೆ ಕಟ್ಟಿದರೆ, ಅದು ಪೂರ್ತಿ ಹೋಗಲಿ ಅಂತ ಯಾರು ತಾನೇ ಬಯಸುತ್ತಾರೆ? ಆದ್ದರಿಂದ ಅಲ್ಲಿ ಮೊದಲು ಹವಳ ಉಳಿಸುವ ಕೆಲಸ, ಆಮೇಲೆ ಲಾಭದ ಲೆಕ್ಕ.

ನಿಮ್ಮ ಮಲ್ಲಿಗೆ ಬಳ್ಳಿಗೂ ಈ ರಸ ಹಾಕಬಹುದು. ಗೊಬ್ಬರದಂಗಡಿಯಲ್ಲಿ ಕಡಲಪಾಚಿಯ ದ್ರಾವಣ ಕೇಳಿ. ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲೇ ನೀರಿಗೆ ಬೆರೆಸಿ, ಬಿಸಿಲೇರುವ ಮುಂಚೆ ಸಿಂಪಡಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಹೂವು ಅಂತ ಮಾತ್ರ ತಿಳಿಯಬೇಡಿ.

ಬೆಂಕಿ ಒಲೆಯಲ್ಲಿದ್ದರೆ ಅಡುಗೆ, ಸೂರಿಗೆ ಹತ್ತಿದರೆ ಅನಾಹುತ. ಈ ಪಾಚಿಯೂ ಹಾಗೆಯೇ. ಅದನ್ನು ಅದರ ಜಾಗದಲ್ಲಿ ಇಟ್ಟುಕೊಳ್ಳುವುದೇ ಜಾಣತನ, ಅಲ್ಲವೇ?